ಇಳಿಜಾರಿನ ಮನೆ, ಹೊಳೆಬದಿಯ ಮನೆ: ಮಣ್ಣಿನ ಕೊರೆತ ತಡೆಯಲು ಹಂತಹಂತದ ಮಾರ್ಗದರ್ಶಿ

ಮಲೆನಾಡು, ಕೊಡಗು ಮತ್ತು ಕರಾವಳಿಯಲ್ಲಿ ಮನೆ ಕಟ್ಟುವುದೆಂದರೆ ಬಹುಪಾಲು ಗುಡ್ಡದ ಒಂದು ಮಗ್ಗುಲನ್ನು ಕಡಿದು, ಕಡಿದ ಮಣ್ಣನ್ನು ಮುಂದಕ್ಕೆ ತಳ್ಳಿ, ಮಟ್ಟವಾದ ಜಾಗದಲ್ಲಿ ಅಡಿಪಾಯ ಹಾಕುವುದೇ ಆಗಿದೆ. ಹೀಗಾಗಿ ಮನೆಯ ಹಿಂದೆ ಕಡಿದ ಧರೆಯೂ (ಗುಡ್ಡ ಕಡಿದಾಗ ನೆಟ್ಟಗೆ ಉಳಿಯುವ ಮಣ್ಣಿನ ಮೈ) ಮುಂದೆ ತುಂಬಿದ ಮಣ್ಣಿನ ಅಂಚೂ ಉಳಿದುಕೊಳ್ಳುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಈ ಎರಡನ್ನೂ ಪ್ರತಿವರ್ಷ ಪರೀಕ್ಷೆಗೆ ಒಡ್ಡುತ್ತದೆ. ಹೊಳೆ, ಹಿನ್ನೀರು ಅಥವಾ ಕಡಲಿನ ಬದಿಯ ಮನೆಗಳಿಗೆ ಇದರ ಜೊತೆಗೆ ಕೆಳಗಿನಿಂದಲೂ ಕೊರೆತ ಇರುತ್ತದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತಮುತ್ತ ಧರೆಗಳೂ ಬೆಟ್ಟಗಳೂ ಕುಸಿದಾಗ ಅಧ್ಯಯನಕ್ಕೆ ಬಂದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು, ವಿಪರೀತ ಮಳೆಯ ಜೊತೆಗೆ ಇಳಿಜಾರುಗಳನ್ನು ಮನುಷ್ಯರು ಕಡಿದು ಬದಲಾಯಿಸಿದ್ದನ್ನೂ ಕಾರಣವಾಗಿ ಗುರುತಿಸಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಜರಿದು ಗಂಗಾವಳಿ ನದಿಯವರೆಗೂ ಮಣ್ಣು ಸರಿದು ಜೀವಗಳು ಹೋದವು.

ಇಡೀ ಗುಡ್ಡವೇ ಜರಿಯುವುದನ್ನು ತಡೆಯುವ ಶಕ್ತಿ ಒಬ್ಬ ಮನೆಯವನ ಕೈಯಲ್ಲಿಲ್ಲ. ಆದರೆ ಅಂಗಳದ ಬದಿಯಲ್ಲಿ ಮೂಡುವ ಕೊರಕಲು, ಪ್ರತಿ ಮಳೆಗಾಲದಲ್ಲೂ ಧರೆಯಿಂದ ಬೀಳುವ ಒಂದಿಷ್ಟು ಮಣ್ಣು, ವರ್ಷಕ್ಕೆ ಒಂದೆರಡು ಅಡಿಯಂತೆ ಹೊಳೆ ಕಬಳಿಸುವ ದಂಡೆ, ಇವು ನಮ್ಮ ಕೈಗೆ ಎಟಕುವಂಥವು. ಮುಂದಿನ ದೊಡ್ಡ ಹಾನಿ ಇಂಥ ಸಣ್ಣ ಗಾಯಗಳಿಂದಲೇ ಬೆಳೆಯುವುದು ಹೆಚ್ಚು. ಈ ಮಾರ್ಗದರ್ಶಿಯಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಕೆಲಸದ ಅನುಕ್ರಮವನ್ನು. ಮೊದಲು ನೀರಿಗೆ ದಾರಿ, ಅನಂತರ ಇಳಿಜಾರಿನ ಆಕಾರ, ಆಮೇಲೆ ಹೊದಿಕೆ ಮತ್ತು ಬೇರು, ಕಟ್ಟಕಡೆಗೆ ಗೋಡೆ. ನಮ್ಮಲ್ಲಿ ಬಹಳಷ್ಟು ಮಂದಿ ಇದನ್ನು ತಿರುವುಮುರುವು ಮಾಡಿ, ಮೊದಲು ಜೆಸಿಬಿ ತರಿಸಿ ಗೋಡೆ ಎಬ್ಬಿಸುತ್ತಾರೆ. ನೀರಿನ ವ್ಯವಸ್ಥೆಯಿಲ್ಲದ ಆ ಗೋಡೆ ಕೆಲವೇ ಮಳೆಗಾಲಗಳಲ್ಲಿ ಹೊಟ್ಟೆಯುಬ್ಬಿಸಿ ನಿಂತಾಗ ಹಾಕಿದ ಹಣವೂ ಹೋಗುತ್ತದೆ, ಅಪಾಯವೂ ಹೆಚ್ಚುತ್ತದೆ.

ಮಣ್ಣು ಹೋಗುವ ಬಗೆ

ಮಣ್ಣನ್ನು ಮಳೆ ಮೂರು ವಿಧದಲ್ಲಿ ಸಡಿಲಿಸುತ್ತದೆ. ಬರಿಯ ನೆಲಕ್ಕೆ ಅಪ್ಪಳಿಸುವ ದಪ್ಪ ಹನಿಯು ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬಂದು ಮಣ್ಣಿನ ಕಣಗಳನ್ನು ಬಿಡಿಸಿ ಚಿಮ್ಮಿಸುತ್ತದೆ. ಬಿಡಿಯಾದ ಆ ಕಣಗಳನ್ನು ಹರಿಯುವ ನೀರು ಹೊತ್ತೊಯ್ಯುತ್ತದೆ. ಹರಿವಿನ ವೇಗ ಎರಡು ಪಟ್ಟಾದರೆ ಅದು ನೆಲವನ್ನು ಉಜ್ಜುವ ಬಲ ನಾಲ್ಕು ಪಟ್ಟಾಗುತ್ತದೆ. ಮೂರನೆಯದು ಕಣ್ಣಿಗೆ ಕಾಣದ್ದು. ಒಳಗೆ ಇಂಗಿದ ನೀರು ಮಣ್ಣಿನ ತೂಕವನ್ನು ಹೆಚ್ಚಿಸಿ, ಕಣಗಳ ನಡುವೆ ಒತ್ತಡವನ್ನುಂಟುಮಾಡಿ, ಅವು ಒಂದನ್ನೊಂದು ಹಿಡಿದುಕೊಳ್ಳುವ ಬಿಗಿಯನ್ನು ಕಳೆಯುತ್ತದೆ. ಮೊದಲೆರಡಕ್ಕೆ ಹುಲ್ಲೂ ಕಾಲುವೆಯೂ ಮದ್ದು. ಮೂರನೆಯದಕ್ಕೆ ನೀರು ಒಳಹೋಗದಂತೆ ಮೇಲೆಯೇ ತಿರುಗಿಸುವುದು ಮತ್ತು ಒಳಹೋದ ನೀರು ಸುಲಭವಾಗಿ ಹೊರಬರುವಂತೆ ಮಾಡುವುದು ಬಿಟ್ಟರೆ ಬೇರೆ ಉಪಾಯವಿಲ್ಲ.

ಕರಾವಳಿಯವರು ಇನ್ನೊಂದು ಸಂಗತಿಯನ್ನು ಅಗತ್ಯವಾಗಿ ತಿಳಿದಿರಬೇಕು. ಅಲ್ಲಿಯ ಗುಡ್ಡಗಳ ಮೇಲೆ ಮುರಕಲ್ಲಿನ (ಲ್ಯಾಟರೈಟ್) ಗಟ್ಟಿ ಪದರವಿದ್ದು, ಅದರ ಕೆಳಗೆ ಹಲವೆಡೆ ಬಿಳಿ, ತಿಳಿ ಹಳದಿ ಅಥವಾ ಗುಲಾಬಿ ಬಣ್ಣದ ಶೇಡಿ ಮಣ್ಣು ಇರುತ್ತದೆ. ಒಣಗಿದಾಗ ಶೇಡಿ ಮಣ್ಣು ಗುದ್ದಲಿಗೂ ಬಗ್ಗದಷ್ಟು ಗಟ್ಟಿಯಾಗಿರುತ್ತದೆ. ನೆನೆದಾಗ ತನ್ನ ಬಲವನ್ನು ಬಹುಮಟ್ಟಿಗೆ ಕಳೆದುಕೊಂಡು ಜಾರತೊಡಗುತ್ತದೆ. ಬೇಸಿಗೆಯಲ್ಲಿ ಹಿಟಾಚಿ ತಂದು ನೆಟ್ಟಗೆ ಕಡಿದಾಗ ಗೋಡೆಯಂತೆ ನಿಂತ ಧರೆಯನ್ನು ಕಂಡು ಸಮಾಧಾನಪಡುವವರು, ಆಷಾಢದಲ್ಲಿ ಅದೇ ಧರೆಯ ಬುಡ ಕರಗಿ ಮೇಲಿನ ಮುರಕಲ್ಲು ತುಂಡುತುಂಡಾಗಿ ಕಳಚಿಕೊಳ್ಳುವುದನ್ನು ನೋಡಬೇಕಾಗುತ್ತದೆ. ನಿಮ್ಮ ಧರೆಯಲ್ಲಿ ಇಂಥ ಪದರ ಕಾಣಿಸಿದರೆ ಮುಂದೆ ಹೇಳುವ ಎಲ್ಲ ಅಳತೆಗಳನ್ನೂ ಇನ್ನಷ್ಟು ಎಚ್ಚರದಿಂದ ಪಾಲಿಸಬೇಕು.

ಮೊದಲ ಹಂತ: ಮಳೆಯಲ್ಲಿ ನಡೆದು ನೋಡುವುದು

ಕೆಲಸ ಬೇಸಿಗೆಯದಾದರೂ ಅದರ ಯೋಜನೆ ಮಳೆಗಾಲದ್ದು. ಪುನರ್ವಸು, ಪುಷ್ಯ ಮಳೆ ಜೋರಾಗಿ ಸುರಿಯುವಾಗ, ಧರೆಯ ಬುಡಕ್ಕೆ ತೀರ ಹತ್ತಿರ ಹೋಗದೆ, ಕೊಡೆ ಹಿಡಿದು ಜಾಗದ ಸುತ್ತ ಒಂದು ಸುತ್ತು ಬನ್ನಿ. ಮೇಲಿನ ಜಮೀನಿನಿಂದ ನೀರು ಎಲ್ಲಿ ನಿಮ್ಮ ಜಾಗಕ್ಕೆ ಪ್ರವೇಶಿಸುತ್ತದೆ, ಚಾವಣಿಯ ನೀರು ಎಲ್ಲಿ ಬೀಳುತ್ತದೆ, ಎಲ್ಲಿ ನೀರು ಕೆಂಪಾಗಿ ಹರಿಯುತ್ತದೆ, ಎಲ್ಲಿ ತಿಳಿಯಾಗಿದೆ, ಧರೆಯಲ್ಲಿ ಎಲ್ಲಿಂದ ಒರತೆ ಒಸರುತ್ತದೆ ಎಂಬುದನ್ನು ಒಂದು ಹಾಳೆಯ ಮೇಲೆ ನಕ್ಷೆಯಂತೆ ಗುರುತಿಸಿಕೊಳ್ಳಿ. ಕೆಂಪು ನೀರು ಹರಿಯುವ ಕಡೆ ಮಣ್ಣು ಹೋಗುತ್ತಿದೆ ಎಂದರ್ಥ. ಅದರ ಜಾಡು ಹಿಡಿದು ಮೇಲಕ್ಕೆ ಹೋದರೆ ಮೂಲ ಸಿಗುತ್ತದೆ. ಈ ನಕ್ಷೆಯಿಲ್ಲದೆ ಜನವರಿಯಲ್ಲಿ ಒಣ ನೆಲ ನೋಡಿ ಕಾಲುವೆ ತೆಗೆಸಿದರೆ, ನೀರು ಬರುವ ಜಾಗ ಒಂದು, ಕಾಲುವೆ ಇರುವ ಜಾಗ ಇನ್ನೊಂದು ಆಗುತ್ತದೆ.

ಇದೇ ಸುತ್ತಿನಲ್ಲಿ ಅಪಾಯದ ಗುರುತುಗಳನ್ನೂ ನೋಡಬೇಕು. ಧರೆಯ ಅಂಚಿಗೆ ಸಮಾನಾಂತರವಾಗಿ ಮೇಲ್ಭಾಗದ ನೆಲದಲ್ಲಿ ಬಿರುಕು, ಹೊಸದಾಗಿ ವಾಲಿದ ಮರ ಅಥವಾ ವಿದ್ಯುತ್ ಕಂಬ, ಇದ್ದಕ್ಕಿದ್ದಂತೆ ಹೊಂದಿಕೊಳ್ಳದಂತಾದ ಬಾಗಿಲು ಕಿಟಕಿಗಳು, ನೆಲದಲ್ಲಿ ಎಂದೂ ಇಲ್ಲದ ಕಡೆ ಜಲ ಏಳುವುದು, ತಿಳಿಯಾಗಿದ್ದ ಒರತೆ ಕೆಸರಾಗುವುದು ಅಥವಾ ಜಡಿಮಳೆಯ ನಡುವೆಯೇ ನಿಂತುಹೋಗುವುದು, ಇವುಗಳಲ್ಲಿ ಒಂದು ಕಂಡರೂ ಅದು ಹುಲ್ಲು ನೆಟ್ಟು ಸರಿಪಡಿಸುವ ಸಂಗತಿಯಲ್ಲ. ಮನೆಯವರೆಲ್ಲ ಆ ಬದಿಯ ಕೋಣೆಗಳನ್ನಲ್ಲ, ಮನೆಯನ್ನೇ ತೊರೆದು ಸುರಕ್ಷಿತ ಸ್ಥಳಕ್ಕೆ ಹೋಗಿ, ಗ್ರಾಮ ಪಂಚಾಯಿತಿಗೂ ಜಿಲ್ಲಾ ವಿಪತ್ತು ನಿರ್ವಹಣೆಯ 1077 ಸಹಾಯವಾಣಿಗೂ ತಿಳಿಸಬೇಕು. ಬಿರುಕಿನೊಳಕ್ಕೆ ನೀರು ಇಳಿಯದಂತೆ ಜೇಡಿಮಣ್ಣು ತುಂಬಿ ಟಾರ್ಪಾಲು ಹೊದಿಸುವ ಕೆಲಸವನ್ನು, ಮಳೆ ಬಿಡುವು ಕೊಟ್ಟು ಜಾಗ ಸುರಕ್ಷಿತವೆಂದು ತಿಳಿದವರು ಹೇಳಿದ ಮೇಲಷ್ಟೇ ಮಾಡಬೇಕು.

ಎರಡನೆಯ ಹಂತ: ನೀರಿಗೆ ದಾರಿ

ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಈ ಲೆಕ್ಕದಲ್ಲಿ 1,500 ಚದರ ಅಡಿಯ ಚಾವಣಿಯ ಮೇಲೆ ದಿನಕ್ಕೆ 100 ಮಿ.ಮೀ. ಮಳೆಯಾದರೆ ಸುಮಾರು 14,000 ಲೀಟರ್ ನೀರು ಇಳಿಯುತ್ತದೆ. ಮಲೆನಾಡಿನಲ್ಲಿ ಅಂಥ ದಿನಗಳು ಅಪರೂಪವಲ್ಲ, ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಬೀಳುತ್ತದೆ. ಇಷ್ಟು ನೀರು ಅಂಗಳದ ತುಂಬಿದ ಮಣ್ಣಿನ ಅಂಚಿನ ಮೇಲಿಂದ ಹರಿದರೆ ಅಲ್ಲಿ ಕೊರಕಲು ಬೀಳದಿರಲು ಸಾಧ್ಯವೇ ಇಲ್ಲ. ಆದ್ದರಿಂದ ಚಾವಣಿಯ ಅಂಚಿಗೆ ನೀರು ಹಿಡಿಯುವ ದೋಣಿ ಹಾಕಿಸಿ, ಕೊಳವೆಯ ಮೂಲಕ ನೀರನ್ನು ಕೆಳಗಿಳಿಸಿ, ಗಟ್ಟಿಯಾದ ಕಾಲುವೆಗೆ ಸೇರಿಸುವುದು ಎಲ್ಲಕ್ಕಿಂತ ಮೊದಲ ಕೆಲಸ. ಇದಕ್ಕೆ ತಗಲುವ ಖರ್ಚು ತಡೆಗೋಡೆಯ ಖರ್ಚಿನ ಒಂದು ಸಣ್ಣ ಪಾಲು.

ಧರೆಯ ಮೇಲ್ಭಾಗದಲ್ಲಿ, ಅಂಚಿನಿಂದ 2–3 ಮೀಟರ್ ಹಿಂದಕ್ಕೆ, ಇಳಿಜಾರಿಗೆ ಅಡ್ಡಲಾಗಿ ಒಂದು ಕಾಲುವೆ ತೆಗೆಯಬೇಕು. ಮೇಲಿನ 25 ಸೆಂಟ್ಸ್, ಅಂದರೆ ಸುಮಾರು 1,000 ಚದರ ಮೀಟರ್ ಜಾಗದ ಮೇಲೆ ಗಂಟೆಗೆ 100 ಮಿ.ಮೀ. ದರದಲ್ಲಿ ಮಳೆ ಸುರಿದು ಒಂದಿಷ್ಟೂ ಇಂಗದೆ ಹರಿದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು ಬರುತ್ತದೆ. ಒಂದೂವರೆ ಅಡಿ ಅಗಲ, ಒಂದಡಿ ಆಳದ ಕಾಲುವೆಗೆ ಪ್ರತಿ 100 ಅಡಿಗೆ ಒಂದಡಿಯಷ್ಟು ಇಳಿತ ಕೊಟ್ಟರೆ ಅದು ಇಷ್ಟನ್ನು ನಿರಾಳವಾಗಿ ಒಯ್ಯುತ್ತದೆ. ಇಳಿತ ಇದಕ್ಕಿಂತ ಬಹಳ ಹೆಚ್ಚಾದರೆ ಕಾಲುವೆಯೇ ಕೊರೆಯತೊಡಗುತ್ತದೆ. ಕಡಿಮೆಯಾದರೆ ಎಲೆ, ಮಣ್ಣು ತುಂಬಿ ನೀರು ನಿಂತು, ನಿಂತ ನೀರು ಧರೆಯೊಳಕ್ಕೆ ಇಳಿಯುತ್ತದೆ. ಇಳಿತವನ್ನು ಕಣ್ಣಳತೆಗೆ ಬಿಡದೆ, ಗಾರೆಯವರು ಬಳಸುವ ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಮಟ್ಟ ನೋಡಿ ಗುರುತು ಹಾಕಬೇಕು. ಬಿರುಕುಳ್ಳ ಮುರಕಲ್ಲು ಅಥವಾ ತುಂಬಿದ ಮಣ್ಣಿನ ಮೇಲೆ ಹಾದುಹೋಗುವ ಕಾಲುವೆಗೆ ಕಾಂಕ್ರೀಟಿನ ಇಲ್ಲವೇ ಕಲ್ಲು ಗಾರೆಯ ಒಳಮೈ ಇರಲೇಬೇಕು.

ಅಡ್ಡಗಾಲುವೆಯ ನೀರನ್ನು ಕೆಳಗಿಳಿಸುವ ಜಾಗದಲ್ಲಿ ಬಹಳಷ್ಟು ಕೆಲಸ ಕೆಡುತ್ತದೆ. ಕಾಲುವೆಯ ಬಾಯನ್ನು ಇಳಿಜಾರಿನ ಅಂಚಿನಲ್ಲಿ ಸುಮ್ಮನೆ ತೆರೆದು ಬಿಟ್ಟರೆ ಒಟ್ಟುಗೂಡಿಸಿದ ನೀರೆಲ್ಲ ಒಂದೇ ಕಡೆ ಧುಮುಕಿ, ಮುಂಚೆ ಇಲ್ಲದಿದ್ದ ಹಳ್ಳವೊಂದನ್ನು ತೋಡುತ್ತದೆ. ಮೆಟ್ಟಿಲುಗಳಂತೆ ಕಟ್ಟಿದ ಇಳಿಗಾಲುವೆಯ ಮೂಲಕ ನೀರನ್ನು ಹಂತಹಂತವಾಗಿ ಇಳಿಸಿ, ಬುಡದಲ್ಲಿ ದಪ್ಪ ಕಲ್ಲುಗಳನ್ನು ಹಾಸಿದ ಗುಂಡಿಯಲ್ಲಿ ಅದರ ವೇಗ ಮುರಿದು, ಅಲ್ಲಿಂದ ಸ್ವಾಭಾವಿಕವಾದ ತೋಡಿಗೋ ರಸ್ತೆಯ ಚರಂಡಿಗೋ ಸೇರಿಸಬೇಕು. ಪಕ್ಕದವರ ತೋಟಕ್ಕೆ ನೀರು ತಿರುಗಿಸುವುದು ಜಗಳಕ್ಕೂ ನ್ಯಾಯಾಲಯಕ್ಕೂ ದಾರಿ. ಮೇಲಿನ ಮತ್ತು ಕೆಳಗಿನ ಜಮೀನಿನವರನ್ನು ಕರೆದು ಮೂವರೂ ಕೂತು ದಾರಿ ನಿಶ್ಚಯಿಸಿಕೊಂಡರೆ ಕಾಲುವೆಯೂ ಚಿಕ್ಕದಾಗುತ್ತದೆ, ಖರ್ಚೂ ಹಂಚಿಹೋಗುತ್ತದೆ.

ಇಂಗುಗುಂಡಿಗಳ ಬಗ್ಗೆ ಇಲ್ಲಿ ಒಂದು ಮಾತನ್ನು ಖಂಡಿತವಾಗಿ ಹೇಳಬೇಕು. ಅಂತರ್ಜಲಕ್ಕಾಗಿ ಇಂಗುಗುಂಡಿ ತೋಡುವುದು ಒಳ್ಳೆಯ ಕೆಲಸವೆಂದು ನಾವೆಲ್ಲ ಕಲಿತಿದ್ದೇವೆ, ಬಯಲುಸೀಮೆಯಲ್ಲಿ ಮತ್ತು ಸೌಮ್ಯ ಇಳಿಜಾರಿನಲ್ಲಿ ಅದು ನಿಜವೂ ಹೌದು. ಆದರೆ ಕಡಿದಾದ ಧರೆಯ ನೆತ್ತಿಯಲ್ಲಿ ತೋಡಿದ ಇಂಗುಗುಂಡಿಯು ಮಳೆಯ ನೀರನ್ನು ನೇರವಾಗಿ ಇಳಿಜಾರಿನ ಒಡಲಿಗೆ ತುಂಬುತ್ತದೆ. ಮನೆಯ ಮೇಲ್ಭಾಗದಲ್ಲಿ ಇಂಥ ಗುಂಡಿಗಳಿದ್ದರೆ ಗಟ್ಟಿ ಮಣ್ಣು ತುಂಬಿ ದಮ್ಮಸು ಮಾಡಿ ಮುಚ್ಚಿಬಿಡಿ. ಶೌಚಗುಂಡಿ, ಬಚ್ಚಲಿನ ನೀರಿನ ಗುಂಡಿ, ಸೋರುವ ನೀರಿನ ತೊಟ್ಟಿ, ಒಡೆದ ನೀರಾವರಿ ಕೊಳವೆ ಇವೆಲ್ಲವೂ ಇದೇ ಸಾಲಿಗೆ ಸೇರುತ್ತವೆ; ಇವು ಮಳೆಯಿಲ್ಲದ ದಿನಗಳಲ್ಲೂ ಮಣ್ಣನ್ನು ನೆನೆಸುತ್ತಿರುತ್ತವೆ.

ಮೂರನೆಯ ಹಂತ: ಧರೆಗೆ ಆಕಾರ

ಮನೆಗೆ ಜಾಗ ಇನ್ನೂ ಆರಿಸುತ್ತಿರುವವರು, ಹಿಂಬದಿಯ ಧರೆಯ ಎತ್ತರ ಎಷ್ಟೋ ಕನಿಷ್ಠ ಅಷ್ಟು ದೂರ ಬಿಟ್ಟು ಮನೆ ಕಟ್ಟಬೇಕೆಂಬುದು ನನ್ನ ಸಲಹೆ. ಈಗಾಗಲೇ ಧರೆಯ ಬುಡಕ್ಕೆ ಅಂಟಿಕೊಂಡಂತೆ ಮನೆ ಇರುವವರಿಗೆ ಆ ಆಯ್ಕೆ ಇಲ್ಲವಾದ್ದರಿಂದ, ಧರೆಯ ಮೇಲ್ಭಾಗದ ಭಾರವನ್ನು ಇಳಿಸುವುದು ಮತ್ತು ಅದರ ಕೋನವನ್ನು ತಗ್ಗಿಸುವುದು ಉಳಿದ ದಾರಿ. ಬುಡದಿಂದ ಮಣ್ಣು ತೆಗೆಯುವುದನ್ನು ಯಾವ ಕಾರಣಕ್ಕೂ ಮಾಡಬಾರದು. ಬಿದ್ದ ಮಣ್ಣನ್ನು ಮಳೆಗಾಲದ ನಡುವೆ ತರಾತುರಿಯಲ್ಲಿ ತೆಗೆಸುವುದೂ ಅಪಾಯವೇ. ಮೇಲಿನದಕ್ಕೆ ಆಗ ಆಸರೆಯಾಗಿರುವುದು ಕೆಳಗೆ ಬಿದ್ದಿರುವ ಆ ಮಣ್ಣು.

ಸಾಮಾನ್ಯ ಕೆಮ್ಮಣ್ಣಿನ ಧರೆಯನ್ನು ಒಂದು ಅಡಿ ಎತ್ತರಕ್ಕೆ ಒಂದೂವರೆ ಅಡಿ ಅಡ್ಡದ ಓರೆಗೆ ಇಳಿಸಿದರೆ ಹುಲ್ಲು ಬೇರೂರುತ್ತದೆ. ಜಾಗ ಸಾಲದಿದ್ದರೆ ಪ್ರತಿ 2 ಮೀಟರ್ ಎತ್ತರಕ್ಕೆ ಒಂದರಂತೆ, ಒಂದರಿಂದ ಒಂದೂವರೆ ಮೀಟರ್ ಅಗಲದ ಮೆಟ್ಟಿಲುಗಳನ್ನು ಬಿಡಬೇಕು. ಮೆಟ್ಟಿಲಿನ ನೆಲ ಧರೆಯ ಕಡೆಗೆ ತುಸು ವಾಲಿದ್ದು, ಒಳಮೂಲೆಯಲ್ಲಿ ನೀರು ಬದಿಗೆ ಹರಿದುಹೋಗಲು ಒಳಮೈ ಕಟ್ಟಿದ ಸಣ್ಣ ಕಾಲುವೆ ಇರಬೇಕು. ಧರೆಯ ಒಟ್ಟು ಎತ್ತರ 3 ಮೀಟರ್ ದಾಟಿದ್ದರೆ, ಶೇಡಿ ಮಣ್ಣಿನ ಪದರವಿದ್ದರೆ, ಅಥವಾ ಒರತೆ ಒಸರುತ್ತಿದ್ದರೆ, ಯಂತ್ರ ತರಿಸುವ ಮೊದಲು ಮಣ್ಣಿನ ವಿಷಯ ಬಲ್ಲ ಸಿವಿಲ್ ಎಂಜಿನಿಯರನ್ನು ಕರೆಸಿ. ಯಂತ್ರದ ಚಾಲಕನ ಅನುಭವವನ್ನು ಗೌರವಿಸುತ್ತಲೇ ಹೇಳಬೇಕಾದ ಮಾತಿದು: ಗಂಟೆಗಿಷ್ಟೆಂದು ಬಾಡಿಗೆ ಪಡೆಯುವ ಕೆಲಸದಲ್ಲಿ ಎಷ್ಟು ಕಡಿಯಬಾರದು ಎಂಬ ತೀರ್ಮಾನ ಅವನದಾಗಬಾರದು.

ಧರೆಯ ಅಂಚಿನಲ್ಲಿ ನಿಂತ ಎತ್ತರದ ಅಕೇಶಿಯ, ನೀಲಗಿರಿ ಅಥವಾ ಸಿಲ್ವರ್ ಓಕ್ ಮರಗಳು ಗಾಳಿಗೆ ತೂಗಿ ಬುಡದ ಮಣ್ಣನ್ನು ಸಡಿಲಿಸುತ್ತವೆ. ಅವುಗಳನ್ನು, ಬೇಕಾದ ಅನುಮತಿ ಪಡೆದು, ಬುಡದಿಂದ ಒಂದಡಿ ಮೇಲೆ ಕಡಿದು, ಬೇರನ್ನು ಮಣ್ಣಿನಲ್ಲೇ ಬಿಡಬೇಕು. ಬೇರು ಕೀಳಿಸಿದರೆ ಅಲ್ಲೊಂದು ಗುಂಡಿ ಬಿದ್ದು ನೀರು ಕೂರುತ್ತದೆ. ಸತ್ತ ಬೇರು ಕೆಲವು ವರ್ಷಗಳಲ್ಲಿ ಕೊಳೆತು ಹಿಡಿತ ಕಳೆದುಕೊಳ್ಳುವುದರಿಂದ, ಅಷ್ಟರೊಳಗೆ ಅಲ್ಲಿ ಹೊಸ ಗಿಡಗಳು ಬೇರೂರಿರುವಂತೆ ನೋಡಿಕೊಳ್ಳಬೇಕು.

ನಾಲ್ಕನೆಯ ಹಂತ: ಹೊದಿಕೆ ಮತ್ತು ಬೇರು

ಕಡಿದ ಮಣ್ಣು ಒಂದು ಮಳೆಗಾಲವನ್ನೂ ಬರಿಮೈಯಲ್ಲಿ ಕಾಣಬಾರದು. ಹಳೆಯವರು ಮಣ್ಣಿನ ಗೋಡೆಗೂ ಧರೆಗೂ ಅಡಿಕೆ ಸೋಗೆ, ತೆಂಗಿನ ಮಡಲು, ಕರಡದ ಹುಲ್ಲು ಕಟ್ಟುತ್ತಿದ್ದುದು ಹನಿಯ ಹೊಡೆತವನ್ನು ಮುರಿಯುವುದಕ್ಕೇ. ತುರ್ತಿಗೆ ಇಂದಿಗೂ ಅದಕ್ಕಿಂತ ಅಗ್ಗದ ಉಪಾಯವಿಲ್ಲ. ಎರಡು ಮೂರು ವರ್ಷ ಬಾಳುವ ಹೊದಿಕೆ ಬೇಕೆಂದರೆ ತೆಂಗಿನ ನಾರಿನ ಬಲೆ, ಅಂದರೆ ಕಾಯಿರ್ ಭೂವಸ್ತ್ರ, ಉರುಳೆಗಳಲ್ಲಿ ದೊರೆಯುತ್ತದೆ. ಚದರ ಮೀಟರಿಗೆ 400, 700, 900 ಗ್ರಾಂ ತೂಕದ ಬಗೆಗಳಿದ್ದು, ಮನೆ ಹಿಂದಿನ ಕಡಿದಾದ ಧರೆಗೆ 700 ಅಥವಾ 900 ಗ್ರಾಮಿನದು ಸೂಕ್ತ. ಧರೆಯ ನೆತ್ತಿಯಲ್ಲಿ ಒಂದಡಿ ಆಳದ ಸಾಲುಗುಂಡಿ ತೋಡಿ ಬಲೆಯ ತುದಿಯನ್ನು ಅದರಲ್ಲಿ ಹೂತು, ಮೇಲಿನಿಂದ ಕೆಳಕ್ಕೆ ಬಿಚ್ಚಿ, ಪಕ್ಕದ ಪಟ್ಟಿಗಳು ಅರ್ಧ ಅಡಿ ಒಂದರ ಮೇಲೊಂದು ಬರುವಂತೆ ಹಾಸಿ, ಬಿದಿರಿನ ಗೂಟ ಅಥವಾ ಬಾಗಿಸಿದ ಕಬ್ಬಿಣದ ಸರಳಿನಿಂದ ಮೀಟರಿಗೊಂದರಂತೆ ಬಿಗಿಯಬೇಕು. ಬಲೆಯು ಮಣ್ಣಿಗೆ ಎಲ್ಲೆಡೆ ತಾಗಿಕೊಂಡಿರುವುದು ಮುಖ್ಯ. ಎತ್ತಿಕೊಂಡ ಕಡೆ ನೀರು ಅದರಡಿ ಹರಿದು ಕೊರೆಯುತ್ತದೆ.

ಬೇರಿನ ವಿಷಯಕ್ಕೆ ಬಂದರೆ, ಬಿಸಿಲು ಬೀಳುವ ಇಳಿಜಾರಿಗೆ ಲಾವಂಚಕ್ಕೆ ಸಾಟಿಯಾದ ಹುಲ್ಲನ್ನು ನಾನು ಕಾಣೆ. ಇದು ನಮ್ಮ ನೆಲಕ್ಕೆ ಹೊಸದೂ ಅಲ್ಲ. ಗುಂಡ್ಲುಪೇಟೆಯ ಕಡೆಯ ರೈತರು ಹೊಲದ ಬದುವಿನ ಮೇಲೆ ಲಾವಂಚದ ಸಾಲುಗಳನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದರು; 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಕೃಷಿ ತಜ್ಞರು ಮಣ್ಣಿನ ಸಂರಕ್ಷಣೆಗೆ ಈ ಹುಲ್ಲನ್ನು ಹಲವು ದೇಶಗಳಲ್ಲಿ ಪ್ರಚಾರ ಮಾಡತೊಡಗಿದಾಗ ಗುಂಡ್ಲುಪೇಟೆಯ ಆ ಬದುಗಳು ಕಣ್ಣೆದುರಿನ ನಿದರ್ಶನವಾದವು. ಇದರ ಬೇರು ಅಡ್ಡಕ್ಕೆ ಹಬ್ಬದೆ ನೇರವಾಗಿ ಕೆಳಕ್ಕಿಳಿಯುತ್ತದೆ, ಸಡಿಲ ಮಣ್ಣಿನಲ್ಲಿ 3 ಮೀಟರಿನಷ್ಟು ಆಳಕ್ಕೂ ಹೋಗುತ್ತದೆ. ದಟ್ಟವಾಗಿ ನಿಂತ ಅದರ ಬುಡಗಳ ಸಾಲು ನೀರಿನ ವೇಗವನ್ನು ತಡೆದು, ಹೊತ್ತು ತಂದ ಮಣ್ಣನ್ನು ಹಿಂದೆಯೇ ಇಳಿಸಿಕೊಳ್ಳುತ್ತದೆ. ದಕ್ಷಿಣ ಭಾರತದಲ್ಲಿ ಬೇರಿಗಾಗಿ ಬೆಳೆಸುವ ತಳಿ ಬೀಜದಿಂದ ಹರಡುವುದಿಲ್ಲವಾದ್ದರಿಂದ ತೋಟಕ್ಕೆ ಕಳೆಯಾಗುವ ಭಯವೂ ಇಲ್ಲ.

ನೆಡುವ ಕ್ರಮ ಹೀಗಿದೆ. ಹಳೆಯ ಬುಡವನ್ನು ಅಗೆದು ಎರಡು ಮೂರು ಕಡ್ಡಿಗಳ ಸೀಳುಗಳಾಗಿ ಬಿಡಿಸಿ, ಎಲೆಯನ್ನು ಗೇಣುದ್ದಕ್ಕೂ ಬೇರನ್ನು ನಾಲ್ಕು ಬೆರಳಿನಷ್ಟಕ್ಕೂ ಕತ್ತರಿಸಿಕೊಳ್ಳಬೇಕು. ಇಳಿಜಾರಿಗೆ ಅಡ್ಡಲಾಗಿ, ಮಟ್ಟ ನೋಡಿ ಎಳೆದ ಗೆರೆಯ ಮೇಲೆ ಸಣ್ಣ ಸಾಲುಗುಂಡಿ ತೆಗೆದು, ಸೀಳಿನಿಂದ ಸೀಳಿಗೆ 10–15 ಸೆಂ.ಮೀ. ಅಂತರದಲ್ಲಿ ನೆಟ್ಟು ಬುಡವನ್ನು ಬಿಗಿಯಾಗಿ ತುಳಿಯಬೇಕು. ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ಒಂದರಿಂದ ಒಂದೂವರೆ ಮೀಟರ್ ಎತ್ತರದ ವ್ಯತ್ಯಾಸ ಸಾಕು. ಹತ್ತು ಮೀಟರ್ ಉದ್ದದ ಸಾಲಿಗೆ 70ರಿಂದ 100 ಸೀಳು ಬೇಕಾಗುತ್ತದೆ. ರೋಹಿಣಿ, ಮೃಗಶಿರ ಮಳೆಯಲ್ಲಿ ನೆಟ್ಟರೆ ನೀರು ಹಾಕುವ ಶ್ರಮವಿಲ್ಲದೆ ಚಿಗುರುತ್ತದೆ. ಮೊದಲ ಮಳೆಗಾಲದಲ್ಲಿ ಕಳೆ ಮುಚ್ಚದಂತೆ ಬಿಡಿಸಿಕೊಟ್ಟು, ಸತ್ತ ಕಡೆ ಮರುನೆಡಬೇಕು. ಸಾಲು ಎಡೆಬಿಡದಂತೆ ಕೂಡಿಕೊಳ್ಳಲು ಎರಡು ಮಳೆಗಾಲ ಹಿಡಿಯುತ್ತದೆ. ಎಡೆ ಇರುವ ಸಾಲು ಅಪಾಯಕಾರಿ, ನೀರೆಲ್ಲ ಆ ಕಿಂಡಿಗೆ ನುಗ್ಗುತ್ತದೆ. ವರ್ಷಕ್ಕೊಮ್ಮೆ ಮೊಳಕಾಲೆತ್ತರಕ್ಕೆ ಸವರಿ, ಸವರಿದ ಹುಲ್ಲನ್ನು ಅಲ್ಲೇ ಹೊದಿಸಿ. ಲಾವಂಚದ ಬೇರಿಗೆ ಮಾರುಕಟ್ಟೆಯಿದೆಯೆಂದು ಧರೆಯಲ್ಲಿ ನೆಟ್ಟಿದ್ದನ್ನು ಅಗೆಯಬಾರದು.

ನೆರಳಿನಲ್ಲಿ ಲಾವಂಚ ಬಡವಾಗುತ್ತದೆ. ಮರದಡಿಯ ತೇವದ ಧರೆಯಲ್ಲಿ ತಾವಾಗಿ ಬರುವ ಜರಿಗಿಡಗಳನ್ನೂ ಪಾಚಿಯನ್ನೂ ಹಾಗೆಯೇ ಬಿಡುವುದು ಉತ್ತಮ. ಚೊಕ್ಕಟವಾಗಿ ಕಾಣಲೆಂದು ಪ್ರತಿವರ್ಷ ಧರೆಯನ್ನು ಹಾರೆಯಿಂದ ಕೆತ್ತುವ ಅಭ್ಯಾಸವನ್ನು ನಾವು ಬಿಡಲೇಬೇಕು. ಕಳೆನಾಶಕ ಸಿಂಪಡಿಸುವುದಂತೂ ಬೇರುಗಳನ್ನೇ ಸಾಯಿಸಿ ಮಣ್ಣನ್ನು ಅನಾಥಗೊಳಿಸುತ್ತದೆ. ರಬ್ಬರ್ ತೋಟಗಳ ಹೊದಿಕೆ ಬಳ್ಳಿಗಳು ಬೇಗ ಹಬ್ಬುತ್ತವಾದರೂ ಮನೆ ಹಿಂದಿನ ಧರೆಗೆ ನಾನು ಅವನ್ನು ಸೂಚಿಸುವುದಿಲ್ಲ, ಏಕೆಂದರೆ ಅವು ಬಿರುಕುಗಳನ್ನು ಕಾಣದಂತೆ ಮುಚ್ಚಿಬಿಡುತ್ತವೆ. ಬಾಳೆಯ ಬೇರು ಮೇಲ್ಪದರದ್ದು, ಬುಡ ನೀರಿನಿಂದ ಭಾರ. ಧರೆಯ ಮೇಲೆ ಅದು ಬೇಡ.

ಐದನೆಯ ಹಂತ: ತಡೆಗೋಡೆ

ಮೇಲಿನದೆಲ್ಲ ಆದ ಬಳಿಕವೂ ಬುಡಕ್ಕೆ ಆಸರೆ ಬೇಕೆನಿಸಿದರೆ ಗೋಡೆಯ ಸರದಿ. ಎರಡು ಮೀಟರ್ ಎತ್ತರದ ಗೋಡೆಯ ಹಿಂದೆ ನೀರು ತುಂಬಿ ನಿಂತರೆ, ಮಣ್ಣಿನ ಒತ್ತಡ ಹೊರತಾಗಿಯೇ, ಗೋಡೆಯ ಪ್ರತಿ ಮೀಟರ್ ಉದ್ದದ ಮೇಲೆ ಸುಮಾರು 2 ಟನ್ ಬಲ ಬೀಳುತ್ತದೆ. ಗೋಡೆಗಳು ಬೀಳುವುದು ಹೆಚ್ಚಾಗಿ ಈ ನೀರಿನಿಂದ. ಆದ್ದರಿಂದ ಗೋಡೆಯ ಬೆನ್ನಿಗೆ ಒಂದಡಿ ದಪ್ಪದ ಜಲ್ಲಿಯ ಪದರ, ಆ ಜಲ್ಲಿಗೂ ಮಣ್ಣಿಗೂ ನಡುವೆ ಸೋಸುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಬುಡದಲ್ಲಿ ತೂತುಗಳುಳ್ಳ ಕೊಳವೆ, ಮತ್ತು ಗೋಡೆಯಲ್ಲಿ ಐದಡಿಗೊಂದರಂತೆ ಸಾಲು ತಪ್ಪಿಸಿ ಇಟ್ಟ 3–4 ಅಂಗುಲದ ನೀರುಗಂಡಿಗಳು, ಇಷ್ಟೂ ಇರಬೇಕು. ಅಗೆದು ತೆಗೆದ ಶೇಡಿ ಮಣ್ಣನ್ನು ಗೋಡೆಯ ಹಿಂದೆ ಮತ್ತೆ ತುಂಬಬಾರದು.

ಕಲ್ಲಿನ ತೂಕದಿಂದಲೇ ನಿಲ್ಲುವ ಗೋಡೆಯ ಬುಡದ ಅಗಲ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬಾರದು. ಮೃದು ಮಣ್ಣಿಗೆ ಮುಕ್ಕಾಲಿನ ಹತ್ತಿರ ಬೇಕಾಗಬಹುದು. ಅಡಿಪಾಯ ಗಟ್ಟಿ ನೆಲದಲ್ಲಿ ಕನಿಷ್ಠ ಎರಡಡಿ ಆಳಕ್ಕೆ ಇಳಿದು, ಗೋಡೆ ಧರೆಯ ಕಡೆಗೆ ತುಸು ಒರಗಿರಬೇಕು. ಕಾಂಪೌಂಡಿಗೆ ಕಟ್ಟುವ ಒಂದು ಸಾಲಿನ ಮುರಕಲ್ಲಿನ ಪಾಗಾರವನ್ನು ತಡೆಗೋಡೆಯೆಂದು ನಂಬಿ ಅದರ ಹಿಂದೆ ಮಣ್ಣು ತುಂಬುವುದು ಕರಾವಳಿಯಲ್ಲಿ ಪದೇಪದೇ ಕಾಣುವ ತಪ್ಪು. ನನ್ನ ಆಯ್ಕೆಯನ್ನು ಕೇಳಿದರೆ, ಒರತೆ ಇರುವ ಧರೆಗೆ ಗೇಬಿಯನ್, ಅಂದರೆ ದಪ್ಪ ಸತು ಲೇಪನದ ತಂತಿಬಲೆಯ ಪೆಟ್ಟಿಗೆಗಳಲ್ಲಿ ಕರಿಕಲ್ಲು ತುಂಬಿದ ಗೋಡೆ, ಸಿಮೆಂಟಿನ ಗೋಡೆಗಿಂತ ಮೇಲು. ನೀರು ಅದರ ಮೂಲಕ ಹಾದುಹೋಗುತ್ತದೆ, ನೆಲ ತುಸು ಕುಸಿದರೂ ಒಡೆಯದೆ ಬಾಗಿಕೊಳ್ಳುತ್ತದೆ. ಒಂದೂವರೆ ಮೀಟರಿಗಿಂತ ಎತ್ತರದ ಯಾವ ಗೋಡೆಗೂ ಎಂಜಿನಿಯರರ ನಕ್ಷೆ ಇರಲಿ.

ಹೊಳೆಯ ದಂಡೆ, ಅಳಿವೆ, ಕಡಲು

ಹೊಳೆಯು ದಂಡೆಯನ್ನು ಬುಡದಿಂದ ತಿನ್ನುತ್ತದೆ. ತಿರುವಿನ ಹೊರಬದಿಯಲ್ಲಿ ಹರಿವು ವೇಗವಾಗಿದ್ದು, ನೀರಿನ ಮಟ್ಟದ ಕೆಳಗಿನ ಮಣ್ಣು ಹೋಗಿ, ಮೇಲಿನದು ಆಧಾರ ತಪ್ಪಿ ಕುಸಿಯುತ್ತದೆ. ನೆರೆ ಏರುವಾಗಿನದಕ್ಕಿಂತ ಇಳಿಯುವಾಗ ದಂಡೆ ಹೆಚ್ಚು ಜರಿಯುವುದನ್ನು ಹೊಳೆಬದಿಯವರು ಬಲ್ಲರು. ನೀರಿನ ಆಸರೆ ಬೇಗನೆ ಸರಿದುಹೋಗಿ, ಒಳಗೆ ನೆನೆದು ಭಾರವಾದ ಮಣ್ಣು ಮಾತ್ರ ಉಳಿಯುವುದು ಅದಕ್ಕೆ ಕಾರಣ. ನೆರೆ ಇಳಿದ ಕೂಡಲೇ ದಂಡೆಯ ಅಂಚಿಗೆ ಹೋಗಿ ನಿಲ್ಲಬೇಡಿ. ಹತ್ತಿರದಲ್ಲಿ ಮರಳು ತೆಗೆದು ಹೊಳೆಯ ಪಾತ್ರ ಆಳವಾಗುತ್ತಿದ್ದರೆ ದಂಡೆಯ ಮೇಲೆ ನೀವು ಮಾಡುವ ಯಾವ ಕೆಲಸವೂ ನಿಲ್ಲುವುದಿಲ್ಲವಾದ್ದರಿಂದ, ಅದನ್ನು ನಿಲ್ಲಿಸಲು ಊರವರು ಒಟ್ಟಾಗಿ ದೂರು ಕೊಡುವುದೇ ಮೊದಲ ಹಂತ.

ದಂಡೆಯ ಮೇಲಿರುವ ಗಿಡಮರಗಳನ್ನು ನೋಟಕ್ಕಾಗಿ ಕಡಿಯದಿರುವುದು ಅತ್ಯಂತ ಅಗ್ಗದ ರಕ್ಷಣೆ. ಹೊಸದಾಗಿ ನೆಡುವವರು, ನೀರು ತಾಗುವ ಬುಡದಲ್ಲಿ ಕೇದಗೆ ಮತ್ತು ಕೊಂಬೆ ನೆಟ್ಟರೆ ಚಿಗುರುವ ನೀರುವಂಜಿ, ನಡುಭಾಗದಲ್ಲಿ ಲಾವಂಚದ ಸಾಲು, ಮೇಲೆ ಹೊಂಗೆ, ಹೊಳೆಮತ್ತಿ, ಹೊಳೆದಾಸವಾಳ, ಅತ್ತಿ, ನೇರಳೆ ಎಂಬಂತೆ ಪಟ್ಟಿಗಳಾಗಿ ಯೋಚಿಸಬೇಕು. ಬಿದಿರಿನ ಮೆಳೆ ದಂಡೆಯ ಅಂಚಿನಲ್ಲಿರದೆ ಕೆಲವು ಅಡಿ ಹಿಂದಿರಲಿ. ಬುಡದ ಕೊರೆತ ತೀವ್ರವಾಗಿದ್ದರೆ ಗಿಡ ಬೇರೂರುವವರೆಗೆ ಕಲ್ಲು ಹಾಸು ಅನಿವಾರ್ಯ. ದಂಡೆಯನ್ನು ಒಂದಡಿ ಎತ್ತರಕ್ಕೆ ಎರಡಡಿ ಅಡ್ಡದ ಓರೆಗೆ ಇಳಿಸಿ, ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಅದರ ಮೇಲೆ ಒರಟಾದ, ಕೋನಗಳುಳ್ಳ ದಪ್ಪ ಕಲ್ಲುಗಳನ್ನು ಒತ್ತಾಗಿ ಜೋಡಿಸಬೇಕು. ಬಟ್ಟೆಯಿಲ್ಲದಿದ್ದರೆ ಕಲ್ಲಿನ ಸಂದಿಯಿಂದ ಮಣ್ಣು ಸೋರಿ ಹಾಸು ಕುಸಿಯುತ್ತದೆ. ಕಲ್ಲಿನ ಬುಡವನ್ನು ಹೊಳೆಯ ತಳಕ್ಕಿಂತ ಕೆಳಗೆ ಹೂಳಬೇಕು, ಎರಡೂ ತುದಿಗಳನ್ನು ದಂಡೆಯ ಒಳಕ್ಕೆ ತಿರುಗಿಸಿ ಮುಗಿಸಬೇಕು. ಇಲ್ಲವಾದರೆ ನೀರು ತುದಿಯ ಹಿಂದಿನಿಂದ ನುಗ್ಗುತ್ತದೆ. ನುಣುಪಾದ ಕಾಂಕ್ರೀಟ್ ಗೋಡೆ ಹರಿವಿನ ವೇಗವನ್ನು ಕೆಳಗಿನ ಮನೆಯ ದಂಡೆಗೆ ದಾಟಿಸುತ್ತದೆ ಎಂಬುದನ್ನು ನೆನಪಿಡಬೇಕು.

ಅಘನಾಶಿನಿ, ಶರಾವತಿ, ಕಾಳಿ ಅಥವಾ ಕುಂದಾಪುರದ ಹಿನ್ನೀರಿನ ಬದಿಯವರಿಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿಗಿಂತ ಉತ್ತಮ ಕಾವಲಿಲ್ಲ. ಅವುಗಳ ಕವಲು ಬೇರು ಅಲೆಯನ್ನು ಮುರಿದು ಕೆಸರನ್ನು ಕಟ್ಟಿಹಾಕುತ್ತದೆ. ಉಬ್ಬರ–ಇಳಿತದ ನಡುವಿನ, ದಿನಕ್ಕೆ ಎರಡು ಬಾರಿ ನೀರು ಬಂದು ಹೋಗುವ ಕೆಸರಿನಲ್ಲಿ ಅದರ ಉದ್ದನೆಯ ಕೋಡುಗಳನ್ನು ಮೀಟರಿಗೊಂದರಂತೆ ನೆಡಬಹುದು. ಹೊನ್ನಾವರ, ಕುಂದಾಪುರದ ಕಡೆ ಅರಣ್ಯ ಇಲಾಖೆ ಕಾಂಡ್ಲಾ ನೆಡುತೋಪುಗಳನ್ನು ಬೆಳೆಸಿದ್ದು, ಅವರನ್ನು ವಿಚಾರಿಸಿಯೇ ಮುಂದುವರಿಯುವುದು ಒಳ್ಳೆಯದು. ಕಡಲಿನ ಎದುರು ಮಾತ್ರ ಒಂಟಿ ಮನೆಯವರು ಸ್ವಂತ ಗೋಡೆ ಕಟ್ಟುವುದು ವ್ಯರ್ಥ. ಗೋಡೆಗೆ ಬಡಿದು ಹಿಂದಿರುಗುವ ಅಲೆ ಬುಡದ ಮರಳನ್ನೇ ಎಳೆದೊಯ್ಯುತ್ತದೆ, ಗೋಡೆ ಮುಗಿದ ಕಡೆ ನೆರೆಯವರ ತೀರ ಹೆಚ್ಚು ಕೊರೆಯುತ್ತದೆ. ಉಳ್ಳಾಲ, ಮರವಂತೆಯಂಥ ಕಡೆಗಳ ಕಡಲ್ಕೊರೆತ ಸರ್ಕಾರದ ಮಟ್ಟದ ಕಾಮಗಾರಿಯನ್ನು ಬೇಡಿದ್ದು ಇದಕ್ಕೇ. ಮನೆಯವರು ಮಾಡಬಹುದಾದದ್ದು ಮರಳ ದಿಬ್ಬವನ್ನು ಕಡಿಯದೆ, ಅದರ ಮೇಲೆ ಹಬ್ಬುವ ಅಡುಂಬು ಬಳ್ಳಿಯನ್ನು ಕೀಳದೆ, ಮಡಲಿನ ಸಡಿಲ ಬೇಲಿ ಹಾಕಿ ಗಾಳಿ ತರುವ ಮರಳನ್ನು ಹಿಡಿದಿಡುವುದು.

ಹೊಳೆಯ ದಂಡೆ ಬಹುಮಟ್ಟಿಗೆ ಸರ್ಕಾರಿ ಜಾಗ, ಕಡಲು ಮತ್ತು ಉಬ್ಬರದ ನೀರು ತಲುಪುವ ಹಿನ್ನೀರಿನ ಬದಿಗೆ 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಅನ್ವಯಿಸುತ್ತದೆ. ಕಲ್ಲು ಹಾಕುವ, ಮಣ್ಣು ತುಂಬುವ, ಕಾಂಡ್ಲಾ ಮುಟ್ಟುವ ಕೆಲಸಕ್ಕೆ ಮೊದಲು ಪಂಚಾಯಿತಿಯಲ್ಲಿ ವಿಚಾರಿಸಿ, ಸಂಬಂಧಿಸಿದ ಇಲಾಖೆಯ ಅನುಮತಿಯನ್ನು ಬರಹದಲ್ಲಿ ಪಡೆಯಿರಿ.

ವರ್ಷದ ಕೆಲಸಗಳು

ಮಣ್ಣು ಮುಟ್ಟುವ ಕೆಲಸಗಳೆಲ್ಲ ದೀಪಾವಳಿಯ ನಂತರ ಆರಂಭವಾಗಿ ಮಾರ್ಚ್ ಒಳಗೆ ಮುಗಿಯಬೇಕು. ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಹೊಸದಾಗಿ ಕಡಿದ ಮಣ್ಣನ್ನು ಎಲ್ಲಕ್ಕಿಂತ ಹೆಚ್ಚು ಹಾಳುಮಾಡುತ್ತದೆ. ಮೇ ಕೊನೆಯಲ್ಲಿ ಅಡ್ಡಗಾಲುವೆ, ಇಳಿಗಾಲುವೆ, ಚಾವಣಿಯ ದೋಣಿಗಳ ಎಲೆ ಕಸವನ್ನು ತೆಗೆದು, ನೀರುಗಂಡಿಗಳಿಗೆ ಉದ್ದನೆಯ ಸರಳು ತೂರಿಸಿ ಬಿಡಿಸಿಕೊಳ್ಳಬೇಕು. ಮಳೆಗಾಲದಲ್ಲಿ ಹತ್ತು ದಿನಕ್ಕೊಮ್ಮೆಯಾದರೂ, ಮಳೆ ಬಿಡುವಿದ್ದಾಗ, ಕಾಲುವೆಗಳನ್ನು ನೋಡಿ ಬರುವ ಹೊಣೆಯನ್ನು ಮನೆಯಲ್ಲಿ ಒಬ್ಬರಿಗೆ ಒಪ್ಪಿಸಿ. ಸದ್ಯಕ್ಕೆ ಅಪಾಯವಿಲ್ಲವೆಂದು ತಿಳಿದವರು ನೋಡಿ ಹೇಳಿದ ಹಳೆಯ ಬಿರುಕು ಧರೆಯ ಮೇಲಿದ್ದರೆ, ಅದರ ಎರಡೂ ಬದಿಗೆ ಗೂಟ ಹೊಡೆದು ನಡುವಿನ ಅಂತರವನ್ನು ಬರೆದಿಟ್ಟುಕೊಂಡರೆ ಅದು ಹಿಗ್ಗುತ್ತಿದೆಯೇ ಎಂಬುದು ಊಹೆಗೆ ಉಳಿಯುವುದಿಲ್ಲ. ಹೊಳೆಬದಿಯವರು ದಂಡೆಯಿಂದ ಹಿಂದಕ್ಕೆ ಒಂದು ಗಟ್ಟಿ ಕಲ್ಲು ನೆಟ್ಟು, ಅಲ್ಲಿಂದ ಅಂಚಿನವರೆಗಿನ ಅಳತೆಯನ್ನು ಪ್ರತಿ ಅಕ್ಟೋಬರಿನಲ್ಲಿ ತೆಗೆದುಕೊಳ್ಳಬೇಕು. ಇದೇ ತಿಂಗಳಲ್ಲಿ ಲಾವಂಚದ ಸಾಲಿನಲ್ಲಿ ಬಿದ್ದ ಎಡೆಗಳನ್ನು ಎಣಿಸಿ, ಮುಂದಿನ ರೋಹಿಣಿ ಮಳೆಗೆ ಎಷ್ಟು ಸೀಳು ಬೇಕೆಂದು ಗುರುತು ಮಾಡಿಟ್ಟು, ಅಷ್ಟನ್ನು ತೋಟದ ಒಂದು ಮೂಲೆಯಲ್ಲಿ ಮಡಿ ಮಾಡಿ ಬೆಳೆಸಿಕೊಂಡರೆ ಹೊರಗಿನಿಂದ ತರುವ ಅಗತ್ಯ ಬೀಳುವುದಿಲ್ಲ.